ಹಿಂದಿನ ಸೀಟಿನ ಎಡಗಾಲು

ನವೆಂಬರ್ 4, ಸೋಮವಾರ

ಬರೀಬೇಕಂತೆ. ಏಳನೇ ಕ್ಲಾಸಿಗೆ ಪೆನ್ನು ಕೆಳಗಿಟ್ಟು ವೆಲ್ಡಿಂಗ್ ರಾಡು ಹಿಡಿದವನು ನಾನು. ಅರವತ್ತಾರನೇ ವಯಸ್ಸಿನಲ್ಲಿ ಕಾಪಿ ಬರೆಯೋ ಶಿಕ್ಷೆ. ಮಗಳ ಹುಕುಂ. ಸೈಕಲ್ ತುಳಿದು ಬಂದ ದಿನವೆಲ್ಲ ಎರಡು ವಿಷಯ ಬರೆದಿಡಬೇಕು — ಮಿಷನ್ ಎಷ್ಟು ತೋರಿಸಿತು, ಮೈಗೆ ಎಷ್ಟು ಅನ್ನಿಸಿತು. ಮೈಗೆ ಹತ್ತರಲ್ಲಿ ಮಾರ್ಕು ಕೊಟ್ಟುಕೊಳ್ಳಬೇಕು. "ಬರೀ ನಂಬರ್ ಇದ್ರೆ ಅರ್ಧ ಮಾತ್ರ ಗೊತ್ತಾಗತ್ತೆ ಅಪ್ಪ" ಅಂದಳು. ಅವಳು ರೇಸಿನ ಹುಡುಗಿಯರಿಗೆ ಕೋಚು. ಅವರ ಹತ್ತಿರ ಬರೆಸಲಿ. ನಾನು ಯಾವ ರೇಸಿಗೆ ಹೋಗಬೇಕು?

ಇದೆಲ್ಲ ಶುರುವಾದದ್ದು ಇವಳಿಂದ. ಮಗಳ ತಾಯಿಯಿಂದ.

ನಮ್ಮದು ಉದ್ದ ಸೈಕಲ್. ಇಬ್ಬರು ತುಳಿಯೋದು. ಮದುವೆಯಾದ ಮರುವರ್ಷ ಎರಡು ಹಳೇ ಸೈಕಲ್ ಕೊಯ್ದು ನಾನೇ ಬೆಸುಗೆ ಹಾಕಿದ್ದು. ಮುಂದೆ ನಾನು, ಹ್ಯಾಂಡಲ್ಲು ಬ್ರೇಕು ನನ್ನದು. ಹಿಂದೆ ಇವಳು. ಹಿಡಿದುಕೊಳ್ಳೋಕೆ ಒಂದು ತುಂಡು ಹ್ಯಾಂಡಲ್, ಕೆಲಸ ತುಳಿಯೋದಷ್ಟೇ. ಎರಡು ಜೊತೆ ಪೆಡಲ್ಲಿಗೂ ಒಂದೇ ಚೈನಿನ ಕಟ್ಟು. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು. ಹಾಗಾಗಿ ಯಾರು ತುಳೀತಿದ್ದಾರೆ, ಯಾರು ಸುಮ್ಮನೆ ಕಾಲಿಟ್ಟುಕೊಂಡು ಗಾಳಿ ಕುಡೀತಿದ್ದಾರೆ — ಗೊತ್ತಾಗಲ್ಲ. ಮೂವತ್ತೆಂಟು ವರ್ಷದಿಂದ ಹೇಳಿಕೊಂಡು ಬಂದಿದ್ದೀನಿ, ಹಿಂದೆ ಮೂಟೆ ಕೂತಿದೆ ಅಂತ. ಮೊನ್ನೆ ದಿಬ್ಬ ಹತ್ತಿ ಬೇಕರಿ ಮುಂದೆ ನಿಂತಾಗಲೂ ಅಂದೆ. ಬೇಕರಿಯವನ ಎದುರೇ ಇವಳು ತಿರುಗಿ ಬಿದ್ದಳು.

"ರೀ, ಈ ಮೂಟೆ ಇಳಿದರೆ ನಿಮ್ಮ ಗಾಡಿ ದಿಬ್ಬದ ಬುಡದಲ್ಲೇ ನಿಂತಿರುತ್ತೆ. ಬೇಕಾದ್ರೆ ಅಳೆದು ನೋಡಿ."

ಟೈಲರ್ ಅಲ್ಲವೇ. ಎಲ್ಲದಕ್ಕೂ ಟೇಪು ಹಿಡೀಬೇಕು.

ಮಗಳಿಗೆ ಅಷ್ಟು ಸಾಕಾಯಿತು. ನಿನ್ನೆ ಪೆಡಲ್ ತಂದುಕೊಟ್ಟಳು. ಪವರ್ ಮೀಟರ್ ಪೆಡಲ್. ಒಂದೇ ಜೊತೆ. ಕಾಲು ಒತ್ತಿದ ಶಕ್ತಿ ಎಷ್ಟು ವಾಟ್, ಅದರಲ್ಲಿ ನೂರಕ್ಕೆ ಎಡಗಾಲಿನ ಪಾಲೆಷ್ಟು, ಬಲಗಾಲಿನದೆಷ್ಟು — ಹ್ಯಾಂಡಲ್ ಮೇಲಿನ ಸಣ್ಣ ಪರದೆಗೆ ಬರುತ್ತೆ. ಈ ಭಾನುವಾರ ನನ್ನ ಕಾಲಿಗೆ. ಮುಂದಿನ ಭಾನುವಾರ ಇವಳ ಕಾಲಿಗೆ.

ನೋಡೇಬಿಡೋಣ.

ನವೆಂಬರ್ 10, ಭಾನುವಾರ

ದಿಬ್ಬದಲ್ಲಿ 118 ವಾಟ್. ಎಡ 50, ಬಲ 50. ತಕ್ಕಡಿ ಹಿಡಿದ ಹಾಗೆ. ಮೈಗೆ ಏಳು.

ಮೇಲೆ ಬೇಕರಿಯವನು ಎಂದಿನಂತೆ "ಬಂತಪ್ಪ ಡಬಲ್ ಡೆಕ್ಕರ್" ಅಂದ. 118 ಅಂತ ಅವನಿಗೂ ಹೇಳಿದೆ. "ನಮ್ಮ ಅಂಗಡಿ ಬಲ್ಬೇ ನೂರು ವಾಟು ಸಾರ್" ಅಂದ. ಅಧಿಕಪ್ರಸಂಗಿ.

ನವೆಂಬರ್ 17, ಭಾನುವಾರ

ಪೆಡಲ್ ಇವಳ ಕಾಲಿಗೆ. ಪರದೆ ನನ್ನ ಮುಂದೆಯೇ. ಹಿಂದೆ ಕೂತವರಿಗೆ ಕಾಣೋದು ನನ್ನ ಬೆನ್ನು ಮಾತ್ರ. ದಿಬ್ಬದ ಉದ್ದಕ್ಕೂ "ಎಷ್ಟು ರೀ? ಎಷ್ಟಾಯ್ತು ರೀ?"

126.

ಬಾಯಿ ಬಿಡಲಿಲ್ಲ ನಾನು. ಮೇಲೆ ಹೋದ ಮೇಲೆ ತಾನೇ ಇಳಿದು ಬಂದು ನೋಡಿದಳು. ಬೇಕರಿ ಬೆಂಚಿನ ಮೇಲೆ ಕೂತು ನಕ್ಕಳು, ನಕ್ಕಳು, ಕೆಮ್ಮು ಬರುವ ತನಕ. "ಮೂಟೆ ಯಾವುದು ಅಂತ ಗೊತ್ತಾಯ್ತಲ್ಲ. ಹ್ಯಾಂಡಲ್ ಹಿಡ್ಕೊಂಡು ಕೂತಿದೆ, ಪಾಪ." ಬೇಕರಿಯವನು ಅವಳಿಗೆ ಮಾತ್ರ ಒಂದು ಬನ್ ಬಿಟ್ಟಿ ಕೊಟ್ಟ.

ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು ಅದು. ಒಪ್ಪಿಕೊಳ್ಳಬೇಕು. ಇಲ್ಲಿ ಮಾತ್ರ.

ಎಡ 44, ಬಲ 56. ನಾವಿಬ್ಬರೂ ಅದನ್ನು ಗಮನಿಸಲೇ ಇಲ್ಲ. ಸಂಜೆ ಫೋನಿನಲ್ಲಿ ಮಗಳೇ ಕೇಳಿದಳು, "ಅಮ್ಮನ ಎಡಗಾಲು ಯಾಕಪ್ಪ ಕಮ್ಮಿ ಇದೆ?" ವಯಸ್ಸಾಯ್ತಲ್ಲ ಅಂದೆ.

ಡಿಸೆಂಬರ್ 15, ಭಾನುವಾರ

ಪೆಡಲ್ ನನಗೆ ವಾಪಸ್ ಬಂದೇ ಇಲ್ಲ. ಗೆದ್ದವರು ಬಿಟ್ಟುಕೊಡ್ತಾರಾ. ಪ್ರತಿ ಭಾನುವಾರ ಅವಳ ಕಾಲಿಗೇ.

ಇವತ್ತು 97. ಎಡ 38.

"ಒತ್ತೇ! ನಿದ್ದೆ ಹೊಡೀತಿದ್ದೀಯಾ ಹಿಂದೆ?" ಅಂದೆ. "ಒತ್ತುತಾನೇ ಇದ್ದೀನಿ ರೀ" ಅಂದಳು. ತಿರುಗೇಟು ಬರಲಿಲ್ಲ. ಬರಬೇಕಿತ್ತು.

ಪೆಡಲ್ ಕೆಟ್ಟಿದೆ. ಮನೆಗೆ ಬಂದು ಬ್ಯಾಟರಿ ಬದಲಾಯಿಸಿದೆ. ಸೊನ್ನೆ ಹೊಂದಿಸೋದು ಅಂತ ಒಂದಿದೆ — ಗಾಡಿ ನಿಲ್ಲಿಸಿ, ಕಾಲು ತೆಗೆದು, ಗುಂಡಿ ಒತ್ತಬೇಕು. ಬಟ್ಟೆ ಅಂಗಡಿಯವನು ತಕ್ಕಡಿ ಖಾಲಿ ಮಾಡಿ ತೋರಿಸ್ತಾನಲ್ಲ... ಅಲ್ಲ, ತರಕಾರಿಯವನು. ಹಾಗೆ. ಅದನ್ನೂ ಮಾಡಿದೆ. ಮತ್ತೆ ಇವಳನ್ನು ಕೂರಿಸಿ ಬೀದಿಯಲ್ಲಿ ಒಂದು ಸುತ್ತು.

38.

ಡಿಸೆಂಬರ್ 22, ಭಾನುವಾರ

ಈ ವಾರ ಮಾಡಿದ ಕೆಲಸ — ಇವಳ ಎಡ ಶೂ ಅಟ್ಟೆ ಬದಲಾಯಿಸಿದೆ. ಪೆಡಲ್ ಕೂರೋ ಕ್ರ್ಯಾಂಕ್ ಬಿಚ್ಚಿ ಹೊಸದು ಹಾಕಿದೆ. ಸೀಟು ಒಂದು ಬೆರಳು ಇಳಿಸಿದೆ. ಮತ್ತೆ ಏರಿಸಿದೆ. ಚೈನು ಬಿಗಿ ಮಾಡಿದೆ. ಎಡದ ಪೆಡಲ್ ಬಲಕ್ಕೆ ಹಾಕೋಕೆ ಬರಲ್ಲ, ಎಡದ್ದರ ತಿರುಪು ಉಲ್ಟಾ ಸುತ್ತುತ್ತೆ. ಇಲ್ಲದಿದ್ದರೆ ಅದನ್ನೂ ಮಾಡ್ತಿದ್ದೆ.

ಕೊನೆಗೆ ಅದೇ ಪೆಡಲ್ ಬಿಚ್ಚಿ ಮುಂದೆ ಹಾಕಿದೆ. ನನ್ನ ಕಾಲಿಗೆ. ಇವಳು ಅಡುಗೆಮನೆಯಲ್ಲಿ ಇದ್ದಾಗ ಒಬ್ಬನೇ ಹೋಗಿ ಬಂದೆ.

ಎಡ 50. ಬಲ 50.

ಪೆಡಲ್ ಸರಿ ಇದೆ.

ಜನವರಿ 5, ಭಾನುವಾರ

ಸೈಕಲ್ ತೆಗೆಯಲಿಲ್ಲ.

ಬೆಳಗ್ಗೆ ಇವಳ ಎಡಗಾಲಿನ ಚಪ್ಪಲಿ ಹೊಸ್ತಿಲಲ್ಲಿ ಕಳಚಿ ಬಿತ್ತು. ಹಿಂದಿನ ವಾರವೂ ಬಿದ್ದಿತ್ತು. ಕಾಲೆತ್ತಿ ನಡೆಯೋಕೇನು ರೋಗ ಅಂತ ರೇಗಿದೆ. ಇವಳು ಚಪ್ಪಲಿ ನೋಡುತ್ತಾ ನಿಂತಳು. "ಹೊಲಿಗೆ ಮಿಷನ್ನಿಗೆ ಒಂದು ಮೋಟಾರ್ ಹಾಕಿಸಿಕೊಡಿ" ಅಂದಳು. ಯಾಕೆ ಅಂದೆ. "ಆಗಸ್ಟಿನಿಂದ ಎಡಗಾಲು ಮಾತು ಕೇಳ್ತಿಲ್ಲ."

ಆಗಸ್ಟು. ಪೆಡಲ್ ಬರೋದಕ್ಕೂ ಮುಂಚೆ. "ಅಳೆದು ನೋಡಿ" ಅಂದದ್ದು ನನ್ನ ಕಾಲನ್ನಲ್ಲ ಹಾಗಾದರೆ, ತನ್ನದನ್ನು.

ಮಧ್ಯಾಹ್ನ ಮಗಳು ಬಂದಳು. ಅಮ್ಮನ ಎರಡೂ ಪಾದ ತೊಡೆ ಮೇಲಿಟ್ಟುಕೊಂಡು, ನನ್ನ ಅಂಗೈ ಒತ್ತಮ್ಮ ಅಂದಳು. ಬಲಗಾಲು ಒತ್ತಿತು. ಎಡಗಾಲು... ಮಗಳು ಆ ಅಂಗೈಯನ್ನು ತೆಗೆಯಲೇ ಇಲ್ಲ, ಬಹಳ ಹೊತ್ತು. "ಒತ್ತಿದ್ನೇ?" ಅಂತ ಇವಳು. "ಹೂಂ ಅಮ್ಮ" ಅಂತ ಅವಳು.

ಬಾಗಿಲ ಹತ್ತಿರ ನನ್ನ ಕೈ ಹಿಡಿದು, "ನಾಳೆನೇ ಡಾಕ್ಟರ್ ಹತ್ತಿರ ಹೋಗೋಣ ಅಪ್ಪ. ಬೈಬೇಡ. ಸುಮ್ಮನೆ ಬಾ."

ಫೆಬ್ರವರಿ 20, ಗುರುವಾರ

ಸೂಜಿ ಚುಚ್ಚಿ ನೋಡಿದರು. ಕರೆಂಟು ಹರಿಸಿ ನೋಡಿದರು. ತಲೆ, ಬೆನ್ನು ಎಲ್ಲ ಸ್ಕ್ಯಾನು.

ನರದ ಕಾಯಿಲೆ. ಹೆಸರು ಉದ್ದ ಇದೆ. ಬರೆಯಲ್ಲ. ಈಗ ಕಾಲು, ಆಮೇಲೆ ಕೈ, ಆಮೇಲೆ ಮಾತು, ನುಂಗೋದು. ಕೊನೆಗೆ ಉಸಿರು. ಡಾಕ್ಟರಮ್ಮ ನಿಧಾನವಾಗಿ ಹೇಳಿದಳು. ನಮ್ಮ ಮಗಳ ವಯಸ್ಸು. ಕೆಟ್ಟದ್ದನ್ನು ತೆಗೆದು ಬೇರೆ ಹಾಕೋಕೆ ಬರಲ್ವಾ ಅಂತ ಕೇಳಿದೆ. ನನಗೆ ಗೊತ್ತಿರೋ ಭಾಷೆ ಅದೊಂದೇ. ಬರಲ್ಲ ಅಂದಳು. ಎಷ್ಟು ದಿನ ಅಂತ ನಾನು ಕೇಳಲಿಲ್ಲ. ಮಗಳು ಕೇಳಿದಳು. ನಾನು ಕಿಟಕಿ ಕಡೆ ನೋಡಿದೆ.

ಇವಳು ಕೇಳಿದ್ದು ಒಂದೇ. "ಸೈಕಲ್ ತುಳೀಬಹುದಾ?"

"ಸುಸ್ತಾಗೋ ಹಾಗೆ ಬೇಡಮ್ಮ. ಬೀಳದ ಹಾಗೆ ಜೊತೆಗೆ ಯಾರಾದರೂ ಇರಬೇಕು."

"ಮುಂದೆ ಒಂದು ಮೂಟೆ ಇರುತ್ತೆ ಡಾಕ್ಟ್ರೇ."

ನಕ್ಕದ್ದು ಅವಳೊಬ್ಬಳೇ.

ಮಾರ್ಚ್ 9, ಭಾನುವಾರ

ಹಿಂದಿನ ಸೀಟಿಗೆ ಬೆನ್ನಾಸರೆ ಬೆಸೆದಿದ್ದೀನಿ. ಎಡ ಪೆಡಲ್ಲಿಗೆ ಪಾದ ಜಾರದ ಹಾಗೆ ಪಟ್ಟಿ. ಇವಳನ್ನು ಎತ್ತಿ ಕೂರಿಸಿ, ಪಟ್ಟಿ ಬಿಗಿದು, ಹೊರಟೆ. ದಿಬ್ಬದ ರಸ್ತೆ ಅಗೆದಿದ್ದಾರೆ ಅಂತ ಹೇಳಿ ರೈಲು ಹಳಿ ಪಕ್ಕದ ಸಮ ರಸ್ತೆಗೆ ತಿರುಗಿಸಿದೆ. ಯಾರೂ ಅಗೆದಿಲ್ಲ.

"ಎಷ್ಟು ರೀ?"

52 ಇತ್ತು.

"ಎಂಬತ್ತು" ಅಂದೆ. ಹೇಗೆ ಬಾಯಿಗೆ ಬಂತೋ.

"ಪರವಾಗಿಲ್ಲ ಅಲ್ವಾ?"

"ಪರವಾಗಿಲ್ಲ ಕಣೇ. ಚೆನ್ನಾಗಿ ತುಳೀತಿದ್ದೀಯ."

ಮೈಗೆ ಅವಳು ಆರು ಅಂದಳು. ನನಗೆ ಒಂಬತ್ತು. ನಾನೂ ಆರು ಅಂದೆ.

ಮಾರ್ಚ್ 30, ಭಾನುವಾರ

ಇದ್ದದ್ದು 40. ಹೇಳಿದ್ದು 78.

ಹೊಸ ಮೋಟಾರಿನಲ್ಲಿ ನನಗೊಂದು ಅಂಗಿ ಹೊಲಿದಿದ್ದಾಳೆ. ನೀಲಿ. ಎಡತೋಳು ಒಂದು ಚೂರು ಉದ್ದ. ಇವಳ ಕೈಯಲ್ಲಿ ಅಳತೆ ತಪ್ಪಿದ್ದು ನಾನು ನೋಡಿಲ್ಲ ಈವರೆಗೆ. ಮಡಚಿಕೊಂಡೆ. ಸರಿಯಾಗಿದೆ ಅಂದೆ. ಒಂದು ಸುಳ್ಳು ಹೇಳಿದವನಿಗೆ ಇನ್ನೊಂದೇನು.

ಮೇ 11, ಭಾನುವಾರ

ನಾನು ತುಳೀತೀನಿ, ಚೈನು ಎಳೆಯುತ್ತೆ, ಇವಳ ಕಾಲು ತಿರುಗುತ್ತೆ. ಎಡಗಾಲು ಸೊನ್ನೆ. ಅದನ್ನು ಪೆಡಲ್ಲೇ ಹೊತ್ತು ತಿರುಗಿಸುತ್ತೆ. ಆದರೂ ಪರದೆ ಮೇಲೆ 11 ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಬಲಗಾಲಿನದು. ಬಿಟ್ಟಿಲ್ಲ ಇವಳು. ಹಿಂದೆ ಹಲ್ಲು ಕಚ್ಚಿ ಒತ್ತುತಾ ಇದ್ದಾಳೆ.

"ಎಷ್ಟು?"

"ಎಪ್ಪತ್ತನಾಲ್ಕು."

ಇನ್ನೂ ಸ್ವಲ್ಪ ದೂರ ತುಳಿದೆವು. ಆಮೇಲೆ, "ನಿಲ್ಲಿಸಿ."

ನಿಲ್ಲಿಸಿದೆ. ಕಾಲೂರಿ ನಿಂತೆ. ತಿರುಗಿ ನೋಡಲಿಲ್ಲ.

"ನನ್ನ ಬೈದು ಎಷ್ಟು ದಿನ ಆಯ್ತು ನೀವು?"

"ಏನು?"

"ಮಾರ್ಚಿನಿಂದ ಒಂದು ಸಲಾನೂ ಮೂಟೆ ಅಂದಿಲ್ಲ. ಚೆನ್ನಾಗಿ ತುಳೀತಿದ್ದೀಯ ಅಂತೀರಿ. ಮದುವೆಯಾದಾಗಿನಿಂದ ನೀವು ಯಾವುದನ್ನ ಚೆನ್ನಾಗಿದೆ ಅಂದಿದ್ದೀರಿ ಹೇಳಿ? ಅವತ್ತೇ ಗೊತ್ತಾಯ್ತು ನಂಗೆ." ಮಾತು ಸ್ವಲ್ಪ ತೊದಲುತ್ತೆ ಈಗ. ಆದರೂ ಬಿಡಲಿಲ್ಲ. "ಇಲ್ಲಿ ಕೂತು ನಾನು ನೋಡೋದು ನಿಮ್ಮ ಬೆನ್ನೊಂದೇ. ಅಂಗಿ ಹೊಲಿದವಳು ನಾನು. ದಿಬ್ಬ ಹತ್ತುವಾಗ ಬಿಗಿಯಾಗ್ತಿದ್ದ ಹೊಲಿಗೆ ಸಮ ರಸ್ತೇಲಿ ಬಿಗಿಯಾಗ್ತಿದೆ. ಎಪ್ಪತ್ತನಾಲ್ಕಂತೆ."

ಪರದೆಯನ್ನು ಅಂಗೈಯಲ್ಲಿ ಮುಚ್ಚಿದೆ.

"ಹೋಗ್ತಿರೋದು ನನ್ನ ಕಾಲು ರೀ. ಅದು ಹೋಗೋದನ್ನ ನಾನು ನೋಡಬೇಡವಾ? ನೀವೊಬ್ಬರೇ ನೋಡಿ ಏನು ಮಾಡ್ತೀರಿ? ... ನಿಜ ಎಷ್ಟು?"

ಹನ್ನೊಂದು. ಅಷ್ಟು ಹೇಳೋಕೆ ಆಗಲಿಲ್ಲ. ಯಾರಿಗೆ ಏನು ಬೇಕಾದರೂ ಮುಖಕ್ಕೆ ಹೊಡೆದ ಹಾಗೆ ಹೇಳೋ ಬಾಯಿ ಇದು.

ಮನೆಗೆ ಬಂದು ಪಟ್ಟಿ ಬಿಚ್ಚಿದೆ. "ಇನ್ನು ಬರಲ್ಲ" ಅಂದಳು.

ಜೂನ್ 3, ಮಂಗಳವಾರ

ಬಂದಿಲ್ಲ. ಮೂರು ಭಾನುವಾರ ಹೋಯಿತು.

ನನ್ನ ಹತ್ತಿರ ಬೇಕಾದಷ್ಟಕ್ಕೆ ಮಾತ್ರ ಮಾತು. ನೀರು. ಮಾತ್ರೆ. ಫ್ಯಾನು. ಅದೂ ಅರ್ಧ ಅರ್ಥವಾಗುತ್ತೆ, ಅರ್ಧ ಇಲ್ಲ. ಎಡಗೈಯಲ್ಲಿ ಬಟ್ಟೆ ನಿಲ್ಲಲ್ಲ. ಮಿಷನ್ ಮುಂದೆ ಕೂತಿರುತ್ತಾಳೆ, ಹೊಲಿಯಲ್ಲ.

ಮಗಳು ಬಂದಿದ್ದಳು. "ಅಪ್ಪ, ಒಂದು ಸಲ ತಪ್ಪಾಯ್ತು ಅಂದುಬಿಡು. ಅಮ್ಮನ ಹತ್ತಿರ ಟೈಮಿಲ್ಲ, ನಿನ್ನ ಹಟ ಇಟ್ಟುಕೊಂಡು ಕೂರೋಕೆ."

"ನನಗೆ ಅದೆಲ್ಲ ಬರಲ್ಲ. ಬೆಸುಗೆ ಹಾಕೋಕೆ ಬರುತ್ತೆ."

"ಹಾಗಾದ್ರೆ ಅದನ್ನೇ ಹಾಕು."

ಸಿಟ್ಟು ಮಾಡಿಕೊಂಡು ಹೋದಳು. ನನ್ನ ಮಗಳಲ್ಲವಾ.

ಹಾಕಿದೆ. ಸಂಜೆ ತನಕ ಹಿಡಿಯಿತು. ಬೆಸುಗೆ ಸೊಟ್ಟಗಿದೆ. ನಿಲ್ಲುತ್ತೆ.

ಜೂನ್ 5, ಗುರುವಾರ

ಬಾಯಲ್ಲಿ ಬರ್ತಿಲ್ಲ. ಇಲ್ಲೇ ಬರೀತೀನಿ. ಈ ಪುಟ ತೆರೆದು ನಿನ್ನ ಮಿಷನ್ ಮೇಲೆ ಇಡ್ತೀನಿ. ಓದು.

ಅವತ್ತು ಹನ್ನೊಂದು. ಎಡಗಾಲು ಸೊನ್ನೆ. ದಿಬ್ಬದ ರಸ್ತೆ ಯಾರೂ ಅಗೆದಿಲ್ಲ. ನೀಲಿ ಅಂಗಿಯ ಎಡತೋಳು ಉದ್ದ.

ಗಾಡಿ ಬಾಗಿಲಲ್ಲೇ ನಿಲ್ಲಿಸಿದ್ದೀನಿ. ನಿನ್ನೆಯಿಂದ ನೋಡಿಯೂ ನೋಡದ ಹಾಗೆ ಗೋಡೆ ಹಿಡಿದು ದಾಟಿ ಹೋಗ್ತಿದ್ದೀಯ. ಸರಿಯಾಗಿ ನೋಡು. ಪರದೆ ಈಗ ನನ್ನ ಮುಂದಿಲ್ಲ. ಹಿಂದಿನ ಹ್ಯಾಂಡಲ್ಲಿಗೆ ಕೊಕ್ಕೆ ಬೆಸೆದು ಅಲ್ಲಿ ಕೂರಿಸಿದ್ದೀನಿ. ನಂಬರ್ ನಿನಗೇ ಕಾಣುತ್ತೆ. ನನಗೆ ಕಾಣಲ್ಲ. ಎಷ್ಟು ಅಂತ ನಾನು ಕೇಳಬೇಕು, ನೀನು ಹೇಳಬೇಕು. ಹೇಳೋಕೆ ಮಾತು ಬರದಿದ್ದರೆ ಬೆನ್ನು ತಟ್ಟು. ಸುಳ್ಳು ಹೇಳ್ತೀಯಾ, ಹೇಳು. ಸೊನ್ನೆ ಬಂದರೆ ಸೊನ್ನೆ. ಕಾಲು ನಾನು ತಿರುಗಿಸ್ತೀನಿ.

ಭಾನುವಾರ ಬೆಳಗ್ಗೆ. ದಿಬ್ಬಕ್ಕೆ. ಹತ್ತೋಕಾಗದಿದ್ದರೆ ಬುಡದಲ್ಲೇ ನಿಂತಿರೋಣ, ನೀನು ಹೇಳಿದ್ದೆಯಲ್ಲ ಹಾಗೆ. ಬೇಕರಿಯವನನ್ನ ಕೆಳಗೆ ಕರೆಸ್ತೀನಿ.

ಬರ್ತೀಯೋ ಇಲ್ವೋ, ಮೂಟೆ? ಶನಿವಾರ, ಏಳನೇ ತಾರೀಕು, ಸಂಜೆಯೊಳಗೆ ಉತ್ತರ ಬೇಕು.