ನಾಲ್ಕು ಗಂಟೆಯ ಮೀನು

ಜೂನ್ ೬, ಗುರುವಾರ

ಎಂದಿನಂತೆ ಬೆಳಿಗ್ಗೆ ಬಂಡೆ ಹತ್ತಿದೆ. ಕೋಕೋ ಕುಡಿದದ್ದು ಮೇಲೆಯೇ. ಕಡಲು ಬೋಳು. ಹೆಜ್ಜಾರ್ಲೆಗಳು ಸುಮ್ಮನೆ ಕೂತಿವೆ, ಅವಕ್ಕೂ ಕೆಲಸವಿಲ್ಲ. ಟೊಬೇಗೊ ದ್ವೀಪದಲ್ಲಿ ನೀರಿನ ಬಣ್ಣ ನೋಡಿ ಮೀನಿನ ಹಿಂಡು ಬಂತೆಂದು ಹೇಳುವವರು ಇನ್ನೂ ಮೂವರಿದ್ದೇವೆ ಎನ್ನುತ್ತಾರೆ. ಉಳಿದಿಬ್ಬರು ಊಹಿಸುತ್ತಾರೆ. ನಾನು ನೋಡುತ್ತೇನೆ.

ಮಧ್ಯಾಹ್ನ ಹೋಟೆಲಿನ ಶೆರ್ಮೇನ್ ಬಸ್ಸಿನಲ್ಲಿ ಪ್ರವಾಸಿಗಳನ್ನು ತಂದಳು. 'ಊರವರ ಜೊತೆ ನಿಜವಾದ ಒಂದು ದಿನ' — ಬಸ್ಸಿಗೆ ಬೋರ್ಡು ಬೇರೆ. ನಿಜವಾದ ದಿನಕ್ಕೆ ಟೈಮಿದೆ. ನಾಲ್ಕಕ್ಕೆ ಮೀನು ಬರಬೇಕು. ಎಲ್ಲಿಂದ? ಹೋಟೆಲಿನ ಫ್ರೀಜರಿನಿಂದ. ನನ್ನ ತಂಗಿಯ ಮಗ ಆನ್ಸಿಲ್, ದೋಣಿ ಅವನದು, ಮೊದಲೇ ಅವನ್ನು ಬಲೆಯ ಹೊಟ್ಟೆಗೆ ತುಂಬಿಸಿ, ಬಲೆಯನ್ನು ನೀರಿನಲ್ಲಿ ಅರ್ಧ ವೃತ್ತವಾಗಿ ಬಿಟ್ಟಿರುತ್ತಾನೆ. ನಾಲ್ಕಕ್ಕೆ ನಾನು ಬಂಡೆಯ ಮೇಲೆ ಶಂಖ ಊದಿ, ಟೋಪಿ ಬೀಸಿ, "ಬಂತು, ಬಂತು" ಎನ್ನಬೇಕು. ಎಂದೆ. ಒಬ್ಬ ಹೆಂಗಸಿಗೆ ಕಣ್ಣಲ್ಲಿ ನೀರೇ ಬಂತಂತೆ. ಬರದೆ ಏನು, ಊದಿದವನು ಯಾರು.

ಪ್ರವಾಸಿಗಳೂ ಸೇರಿ ಹಗ್ಗ ಎಳೆದು ಬಲೆ ದಡಕ್ಕೆ ತಂದ ಮೇಲೆ ಅದೇ ಹೆಂಗಸು ಮೀನು ಮುಟ್ಟಿ, "ಎಷ್ಟು ತಣ್ಣಗಿದೆ" ಅಂದಳು.

"ನಮ್ಮ ಕಡಲು ಬಹಳ ಆಳ ಕಣಮ್ಮ," ಅಂದೆ.

ದೋಣಿಯಾಳು ಹೊರೇಸ್ ಹಿಂದಕ್ಕೆ ತಿರುಗಿ ಕೆಮ್ಮಿದ.

ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಕೊಡಬೇಕು, ಊರಿನ ರೀತಿ. ಕೊಡಲು ಹೋದೆವು. ಯಾರಿಗೂ ಬೇಡ, ಫೋಟೊ ಸಾಕು. ಮೀನು ವಾಪಸ್ಸು ಫ್ರೀಜರಿಗೆ. ಮುಂದಿನ ಗುರುವಾರವೂ ಅವೇ.

ಜೂನ್ ೧೪

ತಂಗಿ ಯೂಲೀನಾಳ ಮನೆಯಲ್ಲಿ ಊಟ. ಏಡಿ ಸಾರು, ಹಿಟ್ಟಿನ ಕಡುಬು.

"ಸತ್ತ ಮೀನಿಗೆ ಶಂಖ ಊದ್ತೀಯಲ್ಲಣ್ಣ. ಅಪ್ಪ ಇದ್ದಿದ್ರೆ ಏನನ್ನೋರು?"

"ಚೆನ್ನಾಗಿ ಊದಿದೆ ಅನ್ನೋರು."

ನಗಲಿಲ್ಲ. ಆನ್ಸಿಲ್‌ಗೆ ಟ್ರಿನಿಡಾಡಿನಲ್ಲಿ ತೈಲ ಹಡಗಿನ ಕೆಲಸ ಸಿಕ್ಕಿದೆಯಂತೆ. ನನಗೆ ಈಗ ತಿಳಿಯಿತು. ಅವನು ಒಳಗಿಂದ ಬಂದ.

"ತಿಂಗಳ ಕೊನೆಗೆ ಬರೋ ಸಂತ ಪೀಟರನ ಹಬ್ಬದವರೆಗೆ ನೋಡ್ತೀನಿ ಮಾಮ. ಒಂದು ಹಿಂಡು, ಜೀವ ಇರೋದು, ಒಂದೇ ಒಂದು ತೋರಿಸು. ಇದ್ದುಬಿಡ್ತೀನಿ. ಇಲ್ದಿದ್ರೆ ಹೊರಟೆ."

"ಒಂದ್ಯಾಕೆ, ಮೂರು ತೋರಿಸ್ತೀನಿ."

ಅವನಿಲ್ಲದಿದ್ದರೆ ಈ ಕೊಲ್ಲಿಯಲ್ಲಿ ಬಲೆ ಸುತ್ತಿಸಲು ದೋಣಿ ನಡೆಸುವವರು ಇನ್ನಿಲ್ಲ. ಹೊರೇಸ್ ಹುಟ್ಟು ಹಾಕಬಲ್ಲ, ಅಷ್ಟೇ. ಸಾರು ಇನ್ನೊಂದು ಸಲ ಹಾಕಿಸಿಕೊಂಡೆ.

ಜೂನ್ ೨೦, ಗುರುವಾರ

ಕ್ಯಾಮೆರಾ ತಯಾರಿರಲಿಲ್ಲವೆಂದು ಶೆರ್ಮೇನ್ ಮತ್ತೊಮ್ಮೆ ಕೂಗಿಸಿದಳು. ಆಮೇಲೆ ಇನ್ನೊಮ್ಮೆ. ಮೂರನೆಯದೇ ಚೆನ್ನಾಗಿತ್ತು. ಮೀನಿಗೆ ಸಣ್ಣಗೆ ವಾಸನೆ.

ಬೆಳಿಗ್ಗೆಯಿಂದ ನೋಡಿದೆ. ಏನಿಲ್ಲ.

ಜೂನ್ ೨೭, ಗುರುವಾರ

ಇಂದಿನದನ್ನು ಪೂರ್ತಿ ಬರೆದಿಡಬೇಕು.

ಊಟವಾದ ಮೇಲೆ ಬಂಡೆ ಹತ್ತಿದ್ದೆ. ಮೂರಾಗಿರಲಿಲ್ಲ. ಕಂಡಿತು. ನೇರಳೆ ಬಣ್ಣದ ಮಚ್ಚೆ, ಅಂಚು ಮಿನುಗುತ್ತ. ಜ್ಯಾಕ್ ಮೀನು. ಮೇಲೆ ಹೆಜ್ಜಾರ್ಲೆಗಳು ಕಲ್ಲು ಬಿದ್ದಂತೆ ಬೀಳುತ್ತಿವೆ. ಊದಿದೆ. ಟೋಪಿ ಬೀಸಿದೆ. "ಬಂತು, ಬಂತು."

ಕೆಳಗೆ ಆನ್ಸಿಲ್ ತಲೆಯೆತ್ತಿದ. ವಾಚು ನೋಡಿದ.

"ಮಾಮ, ಇನ್ನೂ ಬಸ್ಸೇ ಬಂದಿಲ್ಲ."

"ನಿಜವಾದ್ದು ಕಣೋ."

"ದಿನಾ ನಿಜವಾದ್ದೇ," ಎಂದ ಹೊರೇಸ್. ಎಲ್ಲರೂ ನಕ್ಕರು.

ಕುಣಿದೆ. ಟೋಪಿ ಎಸೆದೆ. ಅಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ಪ್ರವಾಸಿಗಳು ಇಳಿದು, ನನ್ನತ್ತ ಕೈ ಬೀಸಿ, ಫೋನು ಎತ್ತಿ ಹಿಡಿದರು. ನಾನು ಬೈದೆ. ಚಪ್ಪಾಳೆ ತಟ್ಟಿದರು.

ಇಳಿದು ಓಡಿದೆ, ಈ ಮಂಡಿ ಇಟ್ಟುಕೊಂಡು. ಆನ್ಸಿಲ್ ನನ್ನ ಮುಖ ನೋಡಿದ. ಬಲೆಯೊಳಗಿನ ಫ್ರೀಜರ್ ಮೀನನ್ನು ಮರಳಿಗೆ ಸುರಿದು ದೋಣಿ ತಳ್ಳಿದ. ಶೆರ್ಮೇನ್ ಓಡಿ ಬಂದಳು. "ಅವರೆದುರಿಗೆ ಏನ್ ಮಾಡ್ತಿದೀಯಾ ಆನ್ಸಿಲ್?"

ದೋಣಿ ಹೋಯಿತು. ಕೊಲ್ಲಿಯ ಬಾಯಿಯವರೆಗೂ. ತುಂಬ ಹೊತ್ತು ಅಲ್ಲೇ ಸುತ್ತಿತು. ಬಲೆ ಬಿಡಲಿಲ್ಲ. ವಾಪಸ್ಸು ಬಂತು.

"ಮಾಮ," ಎಂದ. ಚಿಕ್ಕ ಮಕ್ಕಳನ್ನು ಕೇಳುವ ದನಿ. "ನಿಜವಾಗ್ಲೂ ಇತ್ತಾ?"

"ಇತ್ತು."

"ಸರಿ. ಪಾಚಿ ಇರ್ಬೇಕು."

ಸುರಿದ ಮೀನನ್ನು ಒಂದೊಂದಾಗಿ ಆಯ್ದು, ಮರಳು ತೊಳೆದು, ಮತ್ತೆ ಬಲೆಗೆ ಹಾಕಿದ. ನಾಲ್ಕಕ್ಕೆ ನಾನು ಮೇಲೆ ಹತ್ತಿ ಊದಿದೆ.

ಜೂನ್ ೩೦, ಭಾನುವಾರ

ಹಬ್ಬ. ಪಾದ್ರಿ ದೋಣಿಗಳಿಗೆ ನೀರು ಚಿಮುಕಿಸಿದರು. ಆನ್ಸಿಲ್‌ನದಕ್ಕೂ. ಅವನು ನನಗೆ ರಮ್ ತಂದುಕೊಟ್ಟ, ಬೆನ್ನು ತಟ್ಟಿದ. ಹಿಂಡಿನ ಮಾತು ತೆಗೆಯಲೇ ಇಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಜುಲೈ ೨

ಆನ್ಸಿಲ್‌ನನ್ನು ಹತ್ತಿಸಿಕೊಂಡು ಫೆರ್ರಿ ಹೋಯಿತು. ಯೂಲೀನಾ ದಡದಲ್ಲಿ ಅಳಲಿಲ್ಲ, ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ತಟ್ಟಿದೆ. "ಹೋಗಣ್ಣ" ಅಂದಳು.

ಜುಲೈ ೧೧, ಗುರುವಾರ, ಮೂರೂವರೆ

ಬಂಡೆಯ ಮೇಲೇ ಬರೆಯುತ್ತಿದ್ದೇನೆ. ದೋಣಿ ಮರಳಿನಲ್ಲಿ ಬೋರಲು. ಹೊರೇಸ್ ಮೊಣಕಾಲುದ್ದದ ನೀರಿನಲ್ಲಿ ಬಲೆ ಹರಡಿದ್ದಾನೆ. ಪ್ರವಾಸಿಗಳಿಗೆ ಅಷ್ಟು ಸಾಕು.

ಬಂದಿದೆ. ಹೋದ ಸಲಕ್ಕಿಂತ ದೊಡ್ಡ ಹಿಂಡು. ಕೊಲ್ಲಿಯ ಒಳಕ್ಕೇ ಬಂದಿದೆ. ಶಂಖ ಎತ್ತಿದೆ, ಇಟ್ಟೆ. ಯಾರಿಗೆಂದು ಊದಲಿ.

ಆಗಲೇ ಫೋನು. ಆನ್ಸಿಲ್. ಹಿಂದೆ ಎಂಜಿನ್ನಿನ ಗಡಗಡ.

"ಬಂಡೆ ಮೇಲಿದೀಯಾ ಮಾಮ? ಏನಾದ್ರೂ ಕಾಣುತ್ತಾ?"

"ಏನಿಲ್ಲ ಕಣೋ. ಖಾಲಿ."

"ನಿಜ ಹೇಳು."

"ನಿಜಾನೇ. ಬರೀ ಪಾಚಿ. ಅವತ್ತೂ ಪಾಚೀನೇ ಇದ್ದಿರಬೇಕು."

ಉಸಿರು ಬಿಟ್ಟದ್ದು ಕೇಳಿಸಿತು. "ಹಂಗಾದ್ರೆ ಸರಿ ಬಿಡು ಮಾಮ," ಅಂದ. ಸಮಾಧಾನವಾಗಿತ್ತು ಅವನಿಗೆ.

ಈಗ ಬಂಡೆಯ ಬುಡದಲ್ಲೇ ಇವೆ. ನೀರು ಕುದಿಯುತ್ತಿದೆ. ಬಸ್ಸು ನಿಂತಿತು. ಶೆರ್ಮೇನ್ ಕೈಸನ್ನೆ ಮಾಡುತ್ತಿದ್ದಾಳೆ — ಈಗಲೇ ಊದಬೇಡ, ಎಲ್ಲರೂ ಇಳಿಯಲಿ. ಇಳಿಯಲಿ. ಅಲ್ಲಿಯವರೆಗೆ ನಾನು ಇವನ್ನು ನೋಡುತ್ತಿರುತ್ತೇನೆ.