ದಯವಿಟ್ಟು ಮಾರಿಟ್‌ಳ ಪದವಿಯನ್ನು ವಾಪಸು ಪಡೆಯಿರಿ

ಮಾನ್ಯ ಶೈಕ್ಷಣಿಕ ಮುಖ್ಯಾಧಿಕಾರಿಗಳೇ,

ತಮ್ಮ ಕಚೇರಿ ಕಳೆದ ಸೋಮವಾರ ನಮ್ಮ ವಿದ್ಯಾರ್ಥಿನಿಯೊಬ್ಬಳನ್ನು ಪಾಸು ಮಾಡಿದೆ. ಇದು ಘೋರ ಅನ್ಯಾಯ. ಹಾಡಹಗಲ ದರೋಡೆ. ವಿಶ್ವವಿದ್ಯಾಲಯದ ಈ ಪತ್ರಿಕೆಯ ಮೂಲಕ ನಾನು ಇದನ್ನು ಎಲ್ಲರೆದುರು ಖಂಡಿಸುತ್ತೇನೆ. ಹುಡುಗಿಯ ಹೆಸರು ಮಾರಿಟ್ ತೋರ್ಸ್‌ಗಾರ್ಡ್. ಆಕೆ ಒಂದಲ್ಲ, ಎರಡು ಸಲ, ಕ್ರಮಬದ್ಧವಾಗಿ, ತುಂಬಿದ ಸಭೆಯಲ್ಲಿ, ಘನತೆಯಿಂದ ಫೇಲಾಗಿದ್ದಳು. ಮೂರನೆಯ ಸಲಕ್ಕೆ ಊಟ ನಿದ್ದೆ ಬಿಟ್ಟು ತಯಾರಾಗುತ್ತಿದ್ದಳು. ಅಷ್ಟರಲ್ಲಿ ತಾವು ಹೇಳದೆ ಕೇಳದೆ ಅವಳ ಕೈಗೆ ಪದವಿ ತುರುಕಿಬಿಟ್ಟಿರಿ. ಬೇಡವೆಂದರೂ ಎಲೆಗೆ ಸುರಿಯುವ ಈ ಬಡಿಸುವಿಕೆಯನ್ನು ಯಾರು ಕೇಳಿದ್ದರು?

ನಲವತ್ತು ಸಾವಿರ ಮಕ್ಕಳ ಈ ಮಹಾ ಸಂಶೋಧನಾ ಸಾಮ್ರಾಜ್ಯದಲ್ಲಿ ಅವಳ ಪುಟ್ಟ ಕಾಲೇಜು ಎಲ್ಲಿದೆ ಎಂಬುದು ತಮಗೆ ತಿಳಿದಿರುತ್ತದೆಂದು ನಾನು ಭಾವಿಸುವುದಿಲ್ಲ. ವೈರಾಣು ಪ್ರಯೋಗಾಲಯಕ್ಕೂ ಫುಟ್‌ಬಾಲ್ ಕ್ರೀಡಾಂಗಣಕ್ಕೂ ನಡುವೆ ಒಂದು ಹಳೆಯ ಇಟ್ಟಿಗೆಯ ಹಾಸ್ಟೆಲು ಇದೆಯಲ್ಲ, ಕ್ರೀಡಾಂಗಣದ ವಾಹನ ನಿಲುಗಡೆಗೆ ಅಡ್ಡ ಬರುತ್ತದೆ ಎಂದು ತಾವು ಒಮ್ಮೆ ಸಭೆಯಲ್ಲಿ ನೊಂದುಕೊಂಡಿರಲ್ಲ, ಅದೇ. ಮಕ್ಕಳು ಮೇಲೆ ಮಲಗುತ್ತಾರೆ, ಕೆಳಗೆ ಓದುತ್ತಾರೆ. ಬೆಳಗಿನ ತರಗತಿಗೆ ಮನೆಚಪ್ಪಲಿಯಲ್ಲೇ ಇಳಿದು ಬರುತ್ತಾರೆ. ಒಬ್ಬಳೇ ಹುಡುಗಿ ಗ್ರೀಕ್ ನಾಟಕವನ್ನೂ ಜೇನುಹುಳವನ್ನೂ ತೆರಿಗೆ ಕಾನೂನನ್ನೂ ಒಂದೇ ವಾರದಲ್ಲಿ ಓದಿ, ಊಟದ ಮೇಜಿನಲ್ಲಿ ಮೂರನ್ನೂ ಕಲಸಿ ಜಗಳ ಕಾಯುತ್ತಾಳೆ. ಅಲ್ಲಿಗೆ ಹೋಗಿ ಕೂತರೆ ನನ್ನಂಥ ಮುದಿ ಕೊರಡಿಗೂ ಚಿಗುರು ಬರುತ್ತದೆ!

ಆ ಮನೆಗೆ ಒಂದು ಆಚಾರವಿದೆ, ಮರುಹೇಳಿಕೆ ಎಂದು. ನಾಲ್ಕು ವರ್ಷ ಓದಿದ ಮೇಲೆ ವಿದ್ಯಾರ್ಥಿ ತನ್ನ ಪ್ರಬಂಧವನ್ನು ಒಬ್ಬ ಹೊರಗಿನವನಿಗೆ ಬಾಯಿಮಾತಿನಲ್ಲಿ ಹೇಳಬೇಕು. ಕೇಳುಗ ಆ ವಿಷಯದ ಗಂಧಗಾಳಿ ಇಲ್ಲದವನಾಗಿರಬೇಕು. ಅವಳು ಹೇಳಿ ಮುಗಿಸಿದ ಮೇಲೆ ಅವನು ಎದ್ದು ನಿಂತು, ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಸರಿಯಾಗಿ ಹೇಳಿದರೆ ಅವಳು ಪಾಸು. ಅವನು ತಡವರಿಸಿದರೆ ಅವಳು ಫೇಲು. ಹೌದು, ಅವನು ದಡ್ಡನಾದರೆ ಅವಳು ಫೇಲು! ಜಗತ್ತಿನಲ್ಲಿ ಇಷ್ಟು ಅನ್ಯಾಯದ, ಇಷ್ಟು ನ್ಯಾಯವಾದ ಪರೀಕ್ಷೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾರಿಟ್‌ಳ ಪಾಲಿಗೆ ಬಂದ ದಡ್ಡ ನಾನು. ನಾನು ಆ ಪುಟ್ಟ ಕಾಲೇಜಿನವನಲ್ಲ, ವಿಶ್ವವಿದ್ಯಾಲಯದ ದೊಡ್ಡ ಕಡೆಯವನು, ಅಂದರೆ ತಮ್ಮ ಕಡೆಯವನು. ನನ್ನ ವಿಷಯ ತುಕ್ಕು. ಸೇತುವೆಗಳ ಕಬ್ಬಿಣ ಯಾಕೆ ತುಕ್ಕು ಹಿಡಿಯುತ್ತದೆ ಎಂಬುದರಲ್ಲಿ ತಲೆ ನರೆತಿದೆ. ಅವಳ ವಿಷಯ ಬೆರಳು. ಅವಳ ಊರು ಉತ್ತರದ ಹಾಲಿನ ಸೀಮೆ. ಅಲ್ಲಿನ ಹಳ್ಳಿ ರಸ್ತೆಗಳಲ್ಲಿ ಎದುರಿನಿಂದ ಬರುವ ಗಾಡಿಯವರಿಗೆ ಎಲ್ಲರೂ ಸ್ಟೇರಿಂಗ್ ಮೇಲಿಂದಲೇ ತೋರುಬೆರಳು ಎತ್ತುತ್ತಾರೆ. ಕೈ ಬೀಸುವುದಿಲ್ಲ, ನಗುವುದಿಲ್ಲ, ಒಂದೇ ಬೆರಳು. ಯಾರು ಯಾರಿಗೆ ಎತ್ತುತ್ತಾರೆ, ಯಾಕೆ ಎತ್ತುತ್ತಾರೆ ಎಂಬುದೇ ಅವಳ ಪ್ರಬಂಧ.

ಮೊದಲ ಸಲ ಅವಳು ಹೆದರಿದ್ದಳು. ಹೆದರಿದವರೆಲ್ಲ ಮಾಡುವಂತೆ ದೊಡ್ಡ ದೊಡ್ಡ ಪದಗಳ ಹಿಂದೆ ಅವಿತುಕೊಂಡಳು. ‘ಗ್ರಾಮೀಣ ಚಾಲಕ ಸಮುದಾಯದಲ್ಲಿ ಕನಿಷ್ಠ ಸನ್ನೆಯ ಪರಸ್ಪರತೆ’ ಎಂದು ಶುರುವಾದದ್ದು ಹನುಮಂತನ ಬಾಲದಂತೆ ಬೆಳೆಯಿತು. ನಾನು ಎದ್ದು ನಿಂತೆ, ಗಂಟಲು ಸರಿಮಾಡಿಕೊಂಡೆ. “ಹಳ್ಳಿಯವರು ಸ್ಟೇರಿಂಗನ್ನ ಸರಿಯಾಗಿ ಹಿಡಿಯಲ್ಲ. ಅಪಘಾತ ಆಗಬಹುದು,” ಎಂದೆ. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳ ಸೋದರಮಾವ ಡ್ವೇನ್ ಎಂಬ ಮನುಷ್ಯ ಕುರ್ಚಿಯಿಂದ ಜಾರಿಯೇ ಬಿಟ್ಟ.

ಎರಡನೆಯ ಸಲ ಅವಳು ಜಾಣತನ ಮಾಡಿದಳು. ‘ಈ ಮನುಷ್ಯನಿಗೆ ಲೆಕ್ಕ ಇಷ್ಟ’ ಎಂದು ಎಣಿಸಿ ಸಮೀಕರಣ ಬರೆದು ತಂದಳು. ಅಬ್ಬಾ, ಎಂಥ ಸಮೀಕರಣ! ನಾನು ಕುಣಿದುಹೋದೆ. ಹಲಗೆಯ ಮೇಲೆ ಅದನ್ನು ಚಾಚೂ ತಪ್ಪದೆ ಮತ್ತೆ ಬರೆದೆ, ನಡುವೆ ಒಂದು ತಪ್ಪನ್ನೂ ತಿದ್ದಿದೆ, ಗೆದ್ದೆನೆಂದು ಮೀಸೆ ತಿರುವಿ ಕೂತೆ. ಆಗ ಅವಳು ಮೆಲ್ಲಗೆ ಕೇಳಿದಳು, “ಆಯ್ತು ಸಾರ್, ಆದ್ರೆ ಅವ್ರು ಬೆರಳು ಎತ್ತೋದು ಯಾಕೆ?”

“ಸಂಭವನೀಯತೆ ಜಾಸ್ತಿ ಇರೋದ್ರಿಂದ,” ಎಂದೆ.

ಅವಳು ಹಣೆ ಚಚ್ಚಿಕೊಂಡಳು. ಪಕ್ಕದಲ್ಲಿದ್ದ ಡ್ವೇನ್, “ಪಾಪ, ಒಳ್ಳೆ ಮನುಷ್ಯ, ಏನ್ ಮಾಡೋದು,” ಎಂದದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ಫೇಲು.

ಫೇಲಾದ ದಿನ ಹೇಳಿದವಳೂ ಕೇಳಿದವನೂ ಒಟ್ಟಿಗೆ ಉಣ್ಣಬೇಕು, ಅದೂ ಆ ಮನೆಯ ಆಚಾರ. ಅವಳ ತಾಯಿ ಲಾವೊನ್ ಮನೆಯಿಂದ ಹಾಟ್‌ಡಿಶ್ ತಂದಿದ್ದರು, ಕೊಚ್ಚಿದ ಮಾಂಸದ ಮೇಲೆ ಆಲೂಗಡ್ಡೆ ಉಂಡೆ ಹಾಸಿ ಬೇಯಿಸಿದ್ದು. ಎರಡನೆಯ ಸಲ ಬಡಿಸಿಕೊಳ್ಳುವಾಗ ಡ್ವೇನ್ ನನ್ನ ಭುಜ ತಟ್ಟಿ, “ಪ್ರೊಫೆಸರ್ರೇ, ನಿಮಗೆ ಹೇಳಿದ್ರೆ ತಲೆಗೆ ಹತ್ತಲ್ಲ. ಶನಿವಾರ ನನ್ನ ಗಾಡಿ ಹತ್ತಿ,” ಎಂದ.

ಹತ್ತಿದೆ. ಎಂಥ ಶನಿವಾರ ಅದು! ಎದುರು ಗಾಡಿ ಬಂದಾಗಲೆಲ್ಲ ಡ್ವೇನ್ ಬೆರಳು ಎತ್ತುತ್ತಿದ್ದ, ನನಗೂ ಎತ್ತಿಸುತ್ತಿದ್ದ. ಒಂದು ಕೆಂಪು ಟ್ರಕ್ಕು ಬಂತು. ಡ್ವೇನ್ ಹಲ್ಲು ಕಡಿಯುತ್ತಲೇ ಬೆರಳು ಎತ್ತಿದ. ಆ ಕಡೆಯವನೂ ಮುಖ ಗಂಟಿಕ್ಕಿಕೊಂಡೇ ಎತ್ತಿದ.

“ಯಾರಪ್ಪಾ ಅವರು?” ಎಂದೆ.

“ಅವನಾ? ಹಾಳಾದೋನು. ಬೇಲಿ ಜಗಳ ಆದಾಗಿಂದ ಅವನ ಹತ್ರ ಮಾತಿಲ್ಲ.”

“ಮತ್ತೆ ಬೆರಳು?”

“ಬೆರಳು ಬೇರೆ, ಮಾತು ಬೇರೆ ಸಾರ್. ಬೆರಳು ಎತ್ತಲಿಲ್ಲ ಅಂದ್ರೆ ಅವನ ಮನೇಲಿ ಏನೋ ಆಗಿದೆ ಅಂತ. ಸಂಜೆಯೊಳಗೆ ಯಾರಾದ್ರೂ ಹಾಟ್‌ಡಿಶ್ ಹಿಡ್ಕೊಂಡು ಹೋಗ್ಲೇಬೇಕು. ಅವತ್ತು ನಾನೇ ಹೋಗ್ಬೇಕಾದ್ರೂ ಹೋಗ್ತೀನಿ, ಬೈಕೊಂಡು ಹೋಗ್ತೀನಿ.”

ನಾನು ಕಿರುಚಿದೆ. ನಿಜವಾಗಿ ಕಿರುಚಿದೆ, ಡ್ವೇನ್ ಗಾಡಿ ನಿಲ್ಲಿಸಿಬಿಟ್ಟ. ಆ ಬೆರಳು ನಮಸ್ಕಾರವಲ್ಲ, ಹಾಜರಿ! ‘ನಾನು ಬದುಕಿದ್ದೇನೆ, ನೀನು?’ ಎಂದು ಇಡೀ ಸೀಮೆ ದಿನವೂ ಕರೆಯುವ ಹಾಜರಿ. ಮಾರಿಟ್ ಎರಡು ಸಲ ಹೇಳಿದ್ದೂ ಇದನ್ನೇ. ಸಂತೋಷದಿಂದ ಅವಳಿಗೆ ಫೋನು ಮಾಡಿದೆ, ಗೊತ್ತಾಯಿತು, ಗೊತ್ತಾಯಿತು ಎಂದು ಕೂಗಿದೆ. ಅವಳು ಖುಷಿಪಡುವಳೆಂದುಕೊಂಡಿದ್ದೆ.

“ಅಯ್ಯೋ ಸಾರ್, ಕೆಡಿಸಿಬಿಟ್ರಲ್ಲ! ನಿಮಗೆ ಗೊತ್ತಾಗಿದ್ದು ಮಾವನ ಗಾಡಿಯಿಂದ, ನನ್ನ ಮಾತಿಂದ ಅಲ್ಲ. ಇನ್ನು ನೀವು ಕೇಳುಗ ಆಗೋ ಹಾಗಿಲ್ಲ. ಬೇರೆಯವರನ್ನ ಹುಡುಕ್ಬೇಕು,” ಎಂದಳು. ಬೈದಳು, ಆಮೇಲೆ ನಕ್ಕಳು. ಮೂರನೆಯ ಮರುಹೇಳಿಕೆ ಮೇ ತಿಂಗಳ ಕೊನೆಯ ಶುಕ್ರವಾರಕ್ಕೆ ನಿಗದಿಯಾಯಿತು.

ಆಗ ಬಂದದ್ದು ತಮ್ಮ ಆದೇಶ. ‘ಅಳತೆಗೆ ಸಿಗದ ಪರೀಕ್ಷಾ ಪದ್ಧತಿ’ಯನ್ನು ಈ ತಿಂಗಳಿಂದಲೇ ರದ್ದು ಮಾಡಲಾಗಿದೆಯಂತೆ. ಬಾಕಿ ಉಳಿದವರನ್ನೆಲ್ಲ ಉತ್ತೀರ್ಣರೆಂದು ಘೋಷಿಸಲಾಗಿದೆಯಂತೆ. ಬಾಕಿ ಉಳಿದವಳು ಮಾರಿಟ್ ಒಬ್ಬಳೇ. ಅವಳ ತಾಯಿ ಕಣ್ಣೊರೆಸಿಕೊಂಡು, “ಏ ಹುಡುಗಿ, ಮನೆ ಬಾಗಿಲಿಗೆ ಬಂದಿದ್ದನ್ನ ಒದೀಬೇಡ. ಸುಮ್ನೆ ಇಟ್ಕೋ ಮಾರಾಯ್ತಿ,” ಎಂದರು.

“ಅಮ್ಮಾ, ನಮ್ಮೂರಿಗೆ ಗೊತ್ತಿರೋದನ್ನ ಹೊರಗಿನವರೊಬ್ಬರಿಗಾದ್ರೂ ಅರ್ಥ ಮಾಡ್ಸೋಕೆ ಬರ್ದೇ ಇದ್ರೆ, ನಾಲ್ಕು ವರ್ಷ ನಾನು ಇಲ್ಲಿ ಮಾಡಿದ್ದೇನು? ಬರೀ ಹಾಸ್ಟೆಲ್ ಊಟ ತಿಂದಿದ್ದಾ?”

ನಾನು ತಮ್ಮ ಕಚೇರಿಗೆ ಫೋನು ಮಾಡಿದೆ. ಆ ತುದಿಯಲ್ಲಿದ್ದ ತರುಣ ಬಹಳ ಸಭ್ಯ.

“ಸಾರ್, ಪದವಿ ಕೊಡೋದಕ್ಕೆ ನಮ್ಮ ಕಂಪ್ಯೂಟರ್‌ನಲ್ಲಿ ಒಂದು ಗುಂಡಿ ಇದೆ. ವಾಪಸ್ ತಗೊಳ್ಳೋದಕ್ಕೆ ಇಲ್ಲ.”

“ಯಾವ ದಾರಿಯೂ ಇಲ್ವೇನಪ್ಪಾ?”

“ನಕಲು ಹೊಡೆದಿದ್ರೆ ತಗೋಬಹುದು. ಹೊಡೆದಿದ್ದಾರಾ?”

“ಛೇ, ಇಲ್ಲ!”

“ಹಾಗಾದ್ರೆ ಕಷ್ಟ ಸಾರ್. ಹೊಡೆಯೋಕೆ ಹೇಳಿ ನೋಡಿ.”

ಮಾನ್ಯರೇ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆಗೆ ಇಷ್ಟು ಒಳ್ಳೆಯ ಉದಾಹರಣೆ ಮಾರಿಟ್‌ಳ ಹಾಲಿನ ಸೀಮೆಯಲ್ಲೂ ಸಿಕ್ಕಿರಲಿಲ್ಲ. ಪ್ರಾಮಾಣಿಕವಾಗಿ ಫೇಲಾದವಳಿಗೆ ಈ ವಿಶ್ವವಿದ್ಯಾಲಯದಲ್ಲಿ ಜಾಗವಿಲ್ಲವೇ? ನಮ್ಮ ದೊಡ್ಡ ಕಡೆಯ ವೈಖರಿಯನ್ನು ನಾನು ಬಲ್ಲೆ. ನನ್ನ ಕಳೆದ ಪ್ರಬಂಧವನ್ನು ಲೋಕದಲ್ಲಿ ಮೂವರು ಓದಿದ್ದಾರೆ, ಅವರಲ್ಲಿ ಇಬ್ಬರು ಅದನ್ನು ನನ್ನ ಜೊತೆ ಬರೆದವರು. ಅದಕ್ಕೆ ತಾವು ನನಗೆ ಫಲಕ ಕೊಟ್ಟು ಹಾರ ಹಾಕಿದಿರಿ. ಅದನ್ನು ಮರುಹೇಳು ಎಂದು ಯಾರಾದರೂ ಕೇಳಿದರೆ? ಮರುಹೇಳಿಕೆಯನ್ನು ನಮ್ಮೆಲ್ಲ ವಿಭಾಗಗಳಿಗೂ ಕಡ್ಡಾಯ ಮಾಡಿದರೆ? ನೆನೆದರೇ ನಗು ಬರುತ್ತದೆ, ಬೆವರೂ ಬರುತ್ತದೆ. ಇಷ್ಟು ದೊಡ್ಡ ಸಂಸ್ಥೆಯಲ್ಲಿ ‘ನೀನು ಹೇಳಿದ್ದು ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳು’ ಎಂದು ಧೈರ್ಯವಾಗಿ ಹೇಳಬಹುದಾದ ಒಂದೇ ಒಂದು ಕೋಣೆ ಅದು. ಅದನ್ನು ಮುಚ್ಚಿ ತಾವು ಉಳಿಸುವುದೇನು? ಶುಕ್ರವಾರದ ಒಂದು ಮಧ್ಯಾಹ್ನವನ್ನೇ?

ಆದ್ದರಿಂದ ನಮ್ಮ ಬೇಡಿಕೆ ಸರಳ. ಆ ಪದವಿಯನ್ನು ವಾಪಸು ಪಡೆಯಿರಿ. ಗುಂಡಿ ಇಲ್ಲದಿದ್ದರೆ ಮಾಡಿಸಿ. ಶುಕ್ರವಾರದ ಮರುಹೇಳಿಕೆ ನಡೆದೇ ತೀರುತ್ತದೆ. ಕೇಳುಗನಿಗಾಗಿ ಆ ಮನೆಯವರೆಲ್ಲ ಸೇರಿ ಹುಡುಕಿದರು. ವಿಷಯದಿಂದ, ಆ ಮನೆಯಿಂದ, ಆ ಹುಡುಗಿಯಿಂದ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು. ಇಡೀ ಆವರಣವನ್ನು ಜಾಲಾಡಿದ ಮೇಲೆ ಒಮ್ಮತದಿಂದ ಒಬ್ಬರೇ ಸಿಕ್ಕರು. ತಾವು.

ಬನ್ನಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೇವೆ. ಈ ಪತ್ರದಲ್ಲಿ ನಾನು ಬೆರಳಿನ ಗುಟ್ಟನ್ನು ಬಿಟ್ಟುಕೊಟ್ಟೆನೆಂದು ಗಾಬರಿಯಾಗಬೇಡಿ, ಅದು ಅವಳ ಮೊದಲ ಅಧ್ಯಾಯ ಮಾತ್ರ. ಬೆರಳು ಎತ್ತುವುದು ನಿಂತುಹೋದ ರಸ್ತೆಗಳ ಕಥೆ ಇನ್ನೂ ಇದೆ, ಅದನ್ನು ನಾನೂ ಕೇಳಿಲ್ಲ. ಅವಳು ಹೇಳಿದ್ದು ತಮಗೆ ತಿಳಿಯದೆ ಹೋದರೆ ಅವಳು ಫೇಲು, ತಮ್ಮ ಆದೇಶ ಊರ್ಜಿತ, ನಾವು ಚಪ್ಪಾಳೆ ತಟ್ಟಿ ಒಪ್ಪಿಕೊಳ್ಳುತ್ತೇವೆ. ತಿಳಿದು ತಿರುಗಿ ಹೇಳಿದಿರೋ, ಆದೇಶವನ್ನು ಅಲ್ಲೇ ಹರಿಯಬೇಕು.

ಇದನ್ನು ಕೇಳಿ ಲಾವೊನ್ ತಲೆಯ ಮೇಲೆ ಕೈಹೊತ್ತರು. “ನಿಮಗೆ ಬುದ್ಧಿ ಇದೆಯಾ? ಅವರಿಗೆ ಆದೇಶ ಉಳೀಬೇಕು. ಅರ್ಥ ಆದ್ರೂ ಆಗ್ಲಿಲ್ಲ ಅಂತಾರೆ, ಅಷ್ಟೇ!”

ಮಾರಿಟ್ ಒಂದು ಗಳಿಗೆಯೂ ಯೋಚಿಸಲಿಲ್ಲ.

“ಅನ್ನಲಿ ಬಿಡಮ್ಮ. ಅರ್ಥ ಆದ್ಮೇಲೆ ಆಗ್ಲಿಲ್ಲ ಅನ್ನೋಕೆ ಬಾಯಿ ಒಪ್ಪಬಹುದು, ಮುಖ ಒಪ್ಪಲ್ಲ. ನಾನು ಮುಖ ನೋಡ್ತಾ ಇರ್ತೀನಿ.”

ಇಂತಿ,
ತಿಳಿಯದವರ ಸಾಲಿನಲ್ಲಿ ತಮಗಿಂತ ಎರಡು ಸಲ ಹಿರಿಯನಾದ,
ಆರ್ವಿಡ್ ಹೋಮ್‌ಗ್ರೆನ್,
ತುಕ್ಕಿನ ಪ್ರಾಧ್ಯಾಪಕ