ದಾನಮ್ಮನ ಉಪವಾಸ

ಭಾಲ್ಕಿ,
ಮಂಗಳವಾರ, ಬೆಳಗಿನ ಪೂಜೆಯ ತರುವಾಯ

ಚಿರಂಜೀವಿ ದಾನಮ್ಮನಿಗೆ ನಿನ್ನ ಅಜ್ಜನು ಇಷ್ಟಲಿಂಗದ ಮುಂದೆ ನಿನ್ನ ಹೆಸರೆತ್ತಿ ಹರಸಿ ಬರೆಯುವುದೇನೆಂದರೆ,

ಇಂದು ಪೂಜೆಯಲ್ಲಿ ಎರಡು ಸಲ ಮಂತ್ರ ಮರೆತೆ. ವಯಸ್ಸು ಇದಕ್ಕೆ ಕಾರಣವಲ್ಲ. ನಿನ್ನೆ ಬೀದರಿನ ನಿನ್ನ ಕೋಣೆಯಿಂದ ಹೊತ್ತು ತಂದ ಭಯ ಇನ್ನೂ ಬಿಟ್ಟಿಲ್ಲ. ಫೋನಿನಲ್ಲಾದರೆ ನೀನು ನಕ್ಕು ಮಾತು ಮರೆಸುತ್ತೀ. ಆದಕಾರಣ ಈ ಕಾಗದ.

ನಾನು ಮುನ್ಸೂಚನೆಯಿಲ್ಲದೆ ಬಂದಾಗ ನೀನು ಕಾಲೇಜಿನಲ್ಲಿದ್ದೆ. ನಿನ್ನ ಜೊತೆಗಾತಿ ಶೈಸ್ತಾ ಕುರ್ಚಿ ಹಾಕಿ ಕೂಡಿಸಿದಳು. ರೊಟ್ಟಿಯ ಗಂಟು ಬಿಚ್ಚಿ, ಇಬ್ಬರೂ ಹಂಚಿಕೊಂಡು ತಿನ್ನಿರೆಂದೆ. ಆ ಹುಡುಗಿ ನಕ್ಕಳು.

“ಅಕಿ ಎಲ್ಲಿ ತಿಂತಾಳ್ರಿ ಅಜ್ಜಾರ? ಇವತ್ತ ಸೋಮವಾರ ಈಶ್ವರಂದು, ಮಂಗಳವಾರ ದೇವಿದು, ಗುರುವಾರ ಮತ್ತ ಯಾರ್ದೋ. ನಮ್ದು ರಮ್ಜಾನ್ ರೋಜಾ ವರ್ಷಕ್ಕ ಒಂದ ತಿಂಗಳರಿ, ಅಕಿದು ಮುಗೀವಲ್ದು. ಅಕಿನ್ನ ನೋಡಿ ಕಲಿ ಅಂತ ನಮ್ಮಮ್ಮಿ ನನಗ ಬೈತಾಳ.”

ಉಪವಾಸವಿರುವವರ ಎದುರಿಗೆ ಉಣ್ಣಬಾರದೆಂದು ಆ ಮಗು ತನ್ನ ತಾಟನ್ನು ಹೊರಗಿನ ಪಡಸಾಲೆಗೆ ಒಯ್ದು ಉಣ್ಣುತ್ತಾಳಂತೆ. ಅವಳ ಮರ್ಯಾದೆ ದೊಡ್ಡದು. ಆದರೆ ಅದರಿಂದಾಗಿಯೇ ನಿನಗೆ ಒಂದು ತುತ್ತು ತಿನ್ನೆಂದು ಹೇಳುವವರು ಯಾರೂ ಉಳಿಯಲಿಲ್ಲ.

ನಾನು ನಕ್ಕಂತೆ ಮಾಡಿದೆ. ಆದರೆ ಶರಣರ ಮಾರ್ಗದಲ್ಲಿ ನಡೆವ ನಮ್ಮ ಮನೆಯಲ್ಲಿ ವಾರವ್ರತವೂ ಇಲ್ಲ, ಉಪವಾಸವೂ ಇಲ್ಲ. ಲಿಂಗಕ್ಕೆ ಅರ್ಪಿಸಿದ ಪ್ರಸಾದವನ್ನು ಹೊಟ್ಟೆ ತುಂಬ ಉಣ್ಣುವುದನ್ನೇ ನಿನಗೆ ಕಲಿಸಿದೆವು. ಶೈಸ್ತಾಳಿಗೆ ಭಕ್ತಿಯಾಗಿ ಕಂಡದ್ದು ನನಗೆ ಹಸಿವಾಗಿ ಕಂಡಿತು.

ಅಷ್ಟರಲ್ಲಿ ನೀನು ಬಂದೆ. “ಊಟ ಆತೇನವಾ?” ಎಂದು ನಾನು ಕೇಳಿದೆ. “ಖಾನಾವಳ್ಯಾಗ ಉಂಡೇ ಬಂದೀನ್ರಿ ಅಜ್ಜಾ” ಎಂದೆ ನೀನು. ಶೈಸ್ತಾ ನಿನ್ನ ಮುಖ ನೋಡಿದಳು, ನನ್ನ ಮುಖ ನೋಡಿದಳು, ತಲೆ ತಗ್ಗಿಸಿದಳು. ನನ್ನ ಕಾಲಿಗೆರಗಿದ ನೀನು ಏಳುವಾಗ ಮಂಚದ ಕಾಲು ಹಿಡಿದೆ. ಕಣ್ಣು ಮುಚ್ಚಿ ಅರೆಗಳಿಗೆ ಹಾಗೆಯೇ ನಿಂತೆ. ಗೆಳತಿಯ ಮುಂದೆ ನಿನ್ನ ಮಾನ ಕಳೆಯಬಾರದೆಂದು ನಾನು ಎದ್ದು ಬಂದೆ.

ದಾರಿಯಲ್ಲಿ ಖಾನಾವಳಿಗೆ ಹೋದೆ. “ಆ ಹುಡುಗಿ ಬರೋದು ಬಿಟ್ಟು ಭಾಳ ದಿವಸ ಆತ್ರಿ. ಲಗ್ನ ಗಿಗ್ನ ಆತೇನ ಅಂದ್ಕೊಂಡಿದ್ದೆ” ಎಂದಳು ಅದನ್ನು ನಡೆಸುವ ಹೆಣ್ಣುಮಗಳು.

ಕಾರಣ ಬಲ್ಲೆ. ಔರಾದಿನಲ್ಲಿ ಬಟ್ಟೆ ಅಂಗಡಿ ನಡೆಸುವ ನಿನ್ನ ತಂದೆ, ಕೊಟ್ಟಷ್ಟರಲ್ಲಿ ಓದು, ಸಾಲದಿದ್ದರೆ ಮನೆಗೆ ಬಾ ಎಂದು ಹೇಳಿಯೇ ಕಾಲೇಜಿಗೆ ಹಚ್ಚಿದನು. ಕೋಣೆಯ ಬಾಡಿಗೆ ಏರಿತು. ಹಳೆಯ ಪುಸ್ತಕ ಕೊಂಡೆನೆಂದು, ಆಟೋ ಬಿಟ್ಟು ನಡೆಯುತ್ತೇನೆಂದು, ಇಬ್ಬರೂ ಒಂದೇ ಫೋನಿನ ರೀಚಾರ್ಜಿನಲ್ಲಿ ಓದುತ್ತೇವೆಂದು ನೀನು ಹೇಳಿದಾಗಲೆಲ್ಲ ಮೆಚ್ಚಿ ತಲೆದೂಗಿದೆ. ಮಿಕ್ಕಿದ್ದನ್ನು ಉಳಿಸಲು ನಿನಗೆ ಹೊಟ್ಟೆಯೊಂದೇ ಕಂಡಿತೆ ತಾಯಿ?

ಬಸ್ಸಿನುದ್ದಕ್ಕೂ ನಿನ್ನನ್ನೇ ಕಂಡೆ. ಪ್ರಯೋಗಶಾಲೆಯ ಉರಿಯ ಮುಂದೆ ನಿಂತವಳು, ಲಾರಿಗಳ ನಡುವೆ ರಸ್ತೆ ದಾಟುವವಳು, ನಿನ್ನೆಯಂತೆಯೇ ಅರೆಗಳಿಗೆ ಕಣ್ಣು ಮುಚ್ಚಿದವಳು. ನಿನ್ನ ತಂದೆಗೆ ತಿಳಿಸಿದರೆ ಈ ವಾರವೇ ನಿನ್ನ ಓದು ಮುಗಿಯುತ್ತದೆ. ತಿಳಿಸದಿದ್ದರೆ ಏನು ಮುಗಿಯುತ್ತದೆಯೋ ಬರೆಯಲು ಲೇಖನಿ ಏಳದು. ಎರಡಕ್ಕೂ ಹೆದರಿ ಕುಳಿತಿದ್ದೇನೆ.

ಖಾನಾವಳಿಗೆ ಪರೀಕ್ಷೆಯವರೆಗಿನ ಹಣ ಕೊಟ್ಟು ಬಂದಿದ್ದೇನೆ. ನೀನು ಒಂದು ಹೊತ್ತು ತಪ್ಪಿಸಿದರೂ ಆ ತಾಯಿ ನನಗೆ ಫೋನು ಮಾಡುತ್ತಾಳೆ. ಅಂದೇ ನಾನು ಔರಾದಿಗೆ, ನಿನ್ನ ತಂದೆಯ ಬಳಿ ಹೋಗುತ್ತೇನೆ. ಶೈಸ್ತಾಳಿಗೆ ನಿಜ ಹೇಳಲು ನಾಚಿಕೆಯಾದರೆ, ಅಜ್ಜ ಬಂದು ವ್ರತ ಬಿಡಿಸಿದನೆಂದು ಹೇಳು. ಅವಳ ತಾಟು ಒಳಗೆ ಬರಲಿ.

ನಿನ್ನ ಮುಖ ಕಾಣುವವರೆಗೆ ನೆಮ್ಮದಿಯಿಲ್ಲದ
ನಿನ್ನ ಅಜ್ಜ,
ಶಿವರಾಜಪ್ಪ

ತಾ.ಕ.: ನಿನ್ನ ಅಜ್ಜಿ ಕಸ್ತೂರಿಬಾಯಿ ನಿನ್ನೆ ಹೊಸ್ತಿಲಲ್ಲೇ ತಡೆದು, “ಹ್ಯಾಂಗ ಅದಾಳ್ರಿ ಕೂಸು?” ಎಂದಳು. “ದುಂಡಗ ಆಗ್ಯಾಳ” ಎಂದುಬಿಟ್ಟೆ. ಅದನ್ನು ನಂಬಿ, ಈಗ ಬಾಗಿಲಲ್ಲಿ ಕುಳಿತು ನಿನ್ನ ಕುಪ್ಪಸಗಳ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದಾಳೆ. ದೀಪಾವಳಿಗೆ ನೀನು ಬರುವ ಹೊತ್ತಿಗೆ ಅವು ನಿನಗೆ ಸರಿಹೋಗಬೇಕು.